ಗುಲಗಂಜಿ ತೂಕ

ಅಜ್ಜಿಯ ಅಪ್ಪ ಚಿನ್ನದ ಪುಡಿ ತೂಗುತ್ತಿದ್ದ, ಇದೇ ಕುಮಾಸಿಯಲ್ಲಿ.
ಅವನ ಹಿತ್ತಾಳೆಯ ಬಟ್ಟುಗಳು ಈಗಲೂ ನಮ್ಮ ಪೆಟ್ಟಿಗೆಯಲ್ಲಿವೆ:
ಒಂದು ಮೊಸಳೆ, ಒಂದು ನೆಲಗಡಲೆ,
ಕೊಕ್ಕಿಗೆ ಕೊಕ್ಕು ಹಚ್ಚಿ ಜಗಳಕ್ಕೆ ನಿಂತ ಎರಡು ಹಕ್ಕಿ.
ತೀರ ಸಣ್ಣ ತೂಕಕ್ಕೆ ಮಾತ್ರ ಗುಲಗಂಜಿ,
ಮೈಯೆಲ್ಲ ಕೆಂಪು, ತುದಿಯಲ್ಲಿ ಕಪ್ಪು.

ನಾನೂ ತೂಗುತ್ತೇನೆ.
ಆಪರೇಷನ್ ಕೋಣೆಯ ಮೂಲೆಯಲ್ಲಿ, ಅಡುಗೆಮನೆಯ ತಕ್ಕಡಿಯಲ್ಲಿ.
ಒಣ ಬಟ್ಟೆ ಇಪ್ಪತ್ತು ಗ್ರಾಂ.
ನೆನೆದದ್ದು ನೂರ ನಲವತ್ತು.
ಕಳೆ. ಬರೆ.
ಗ್ರಾಮಿಗೊಂದು ಮಿಲಿಲೀಟರ್: ಇಷ್ಟೇ ನನ್ನ ಶಾಸ್ತ್ರ.

ಇವತ್ತು ಮೇಜಿನ ಮೇಲೆ ಮಾಮೆ ದುಫಿಯೆ,
ಕೆಜೆಟಿಯಾ ಸಂತೆಯ ಹೊಗೆಮೀನಿನವಳು.
ಹೊಟ್ಟೆ ಉಬ್ಬಿದಾಗ ಗಿರಾಕಿಗಳು ನಕ್ಕರಂತೆ, ಈ ವಯಸ್ಸಿನಲ್ಲಾ?
ಅವಳೂ ನಕ್ಕಳಂತೆ, ಸೆರಗು ಬಿಗಿದುಕೊಂಡು.
ಗುಲಗಂಜಿಗೆ ತನ್ನ ಕಪ್ಪು ಕಾಣುವುದಿಲ್ಲ.
ಅಂಡಾಶಯದ ಏಡಿಗಂತಿ ಹಾಗೇ,
ಬೆನ್ನು ತೋರಿಸಿಕೊಂಡೇ ಬೆಳೆಯುತ್ತದೆ.

ಮೂರು ಸುತ್ತು ಕೀಮೋ, ಎರಡು ತಿಂಗಳು ಕಬ್ಬಿಣದ ಮಾತ್ರೆ,
ಎಂಟಿದ್ದ ಹಿಮೋಗ್ಲೋಬಿನ್ ಹತ್ತೂವರೆಗೆ ಹತ್ತಿತು.
ನಾಲ್ಕು ಚೀಲ ರಕ್ತ ಬೇಕು ಎಂದರು ಡಾಕ್ಟರ್ ನ್ಯಾರ್ಕೊ.
ಬ್ಯಾಂಕಿನಲ್ಲಿ ಎರಡಿತ್ತು.
ಅಳಿಯ ಒಂದು ಕೊಟ್ಟ.
ಇನ್ನೊಂದನ್ನು ಕೊಟ್ಟವಳು ಬಿರಾಗೊ,
ಎದುರು ಕಟ್ಟೆಯ ಮೀನಿನವಳು,
ಹನ್ನೊಂದು ವರ್ಷದಿಂದ ದುಫಿಯೆಯ ಗಿರಾಕಿಗಳನ್ನು
ಕೈಹಿಡಿದು ಎಳೆದುಕೊಂಡವಳು.
ತೋಳು ಮಡಚುತ್ತ ಹೇಳಿದಳು:
'ಅವಳಿಗೆ ಗೊತ್ತಾಗಬಾರದು. ಗೊತ್ತಾದರೆ ತೆಗೆದುಬಿಡಿ ಅಂತಾಳೆ.'

ಕೊಯ್ಯುವ ಮೊದಲೇ ರಕ್ತ ಕಟ್ಟುವ ಸೂಜಿ ಹೋಗಿತ್ತು.
ಮೊದಲು ಬಂದದ್ದು ಹೊಟ್ಟೆಯ ನೀರು, ಒಣಹುಲ್ಲಿನ ಬಣ್ಣ,
ಸಾವಿರದ ಆರುನೂರು. ಅದನ್ನು ಬೇರೆ ಬರೆದೆ.
ನೀರನ್ನು ರಕ್ತವೆಂದು ಎಣಿಸಿದರೆ ವೃಥಾ ಗಾಬರಿ,
ರಕ್ತವನ್ನು ನೀರೆಂದು ಎಣಿಸಿದರೆ
ಆಮೇಲೆ ಗಾಬರಿಗೂ ಸಮಯವಿರುವುದಿಲ್ಲ.

ಗಂಟು ಕಿಬ್ಬೊಟ್ಟೆಯ ಗೋಡೆಗೆ ಅಂಟಿತ್ತು.
ಬಿಡಿಸುವಾಗ ಒಂದು ಸಿರೆ ಬಾಯಿಬಿಟ್ಟಿತು.
ಹೊಲಿಗೆಯಿಲ್ಲ, ಬೈಗುಳವಿಲ್ಲ.
ನ್ಯಾರ್ಕೊ ಬಟ್ಟೆ ತುಂಬಿ ಮುಷ್ಟಿ ಒತ್ತಿದರು.
'ಐದು ನಿಮಿಷ. ಯಾರೂ ಏನೂ ಮಾಡಬೇಡಿ.'
ಏನೂ ಮಾಡದಿರುವುದು ಎಷ್ಟು ಕೆಲಸ!
'ನಾನೂರಿರಬಹುದೇನೋ,' ಎಂದ ಎದುರಿಗಿದ್ದ ಹುಡುಗ ಡಾಕ್ಟರ್.
ಕಣ್ಣು ಯಾವಾಗಲೂ ಕಡಿಮೆ ಹೇಳುತ್ತದೆ. ಕಣ್ಣಿಗೆ ಆಸೆ.
ತಕ್ಕಡಿಗೆ ಆಸೆಯಿಲ್ಲ.
ನಾನು ಕೂಗಿ ಓದಿದೆ: 'ಒಂಬೈನೂರ ಎಂಬತ್ತು.'
ತಲೆಯ ಬಳಿ ಕೂತಿದ್ದ ಮುಮುನಿ ಮಾತಿಲ್ಲದೆ ಎದ್ದು
ಚೀಲವನ್ನು ಬಿಸಿ ಮಾಡಿ ತೂಗುಹಾಕಿದ.

ಚೆಲ್ಲಿದ್ದನ್ನು ಎತ್ತಿ, ತೊಳೆದು, ಮರಳಿಸುವ ಯಂತ್ರ
ಎಲ್ಲೆಲ್ಲೋ ಇದೆಯಂತೆ.
ಇದ್ದಿದ್ದರೂ ಇವಳಿಗೆ ಹಾಕಲು ಕೈ ಹಿಂಜರಿಯುತ್ತಿತ್ತು,
ತನ್ನದೇ ರಕ್ತವನ್ನು ನಂಬಲಾಗದ ಕಾಯಿಲೆ ಇದು.
ಹಾಗಾಗಿ ಹಗೆಯದು ಹನಿಹನಿಯಾಗಿ ಇಳಿಯುತ್ತಿತ್ತು.
ಅದೇ ಕೆಂಪು.
ಆಮೇಲೆ ಬಂದ ಬಟ್ಟೆಗಳಲ್ಲಿ ಯಾರದು ಎಷ್ಟೆಂದು
ನನ್ನ ತಕ್ಕಡಿ ಹೇಳಲಿಲ್ಲ.

ಮುಷ್ಟಿ ತೆಗೆದಾಗ ಸಿರೆ ಸುಮ್ಮನಿತ್ತು.
ಒಟ್ಟು ಸಾವಿರದ ಮುನ್ನೂರ ಐವತ್ತು.
ಒಳಗೆ ಹೋದ ಬಟ್ಟೆ ಮೂವತ್ತೆರಡು,
ಹೊರಗೆ ಮೂವತ್ತೊಂದು.
ಹೊಲಿಗೆ ನಿಲ್ಲಿಸಿದೆ. ನ್ಯಾರ್ಕೊ ನನ್ನನ್ನು ನೋಡಿದರು,
ನಾನು ನೆಲ ನೋಡಿದೆ.
ಯಕೃತ್ತಿನ ಕೆಳಗೆ ಮುದುಡಿ ಕೂತಿತ್ತು ಅದು.
ಸಿಗುವವರೆಗೆ ನಾನು ಯಾರನ್ನೂ ಕದಲಲು ಬಿಡಲಿಲ್ಲ.

ಮೂರನೆಯ ದಿನ ದುಫಿಯೆ ಕೇಳಿದಳು, ಎಷ್ಟು ಹೋಯಿತು?
ಹೇಳಿದೆ.
ಎಷ್ಟು ಬಂತು? ಎರಡು ಚೀಲ.
ಯಾರದು?
ದಿಂಬು ಸರಿಮಾಡಿದೆ.

ಸಂಜೆ ಕೆಜೆಟಿಯಾದಲ್ಲಿ ಇಳಿದೆ.
ಬಿರಾಗೊ ಗಂಟಲು ಹರಿಯುವಂತೆ ಕೂಗುತ್ತಿದ್ದಳು,
ಮೊಣಕೈ ಮಡಿಕೆಯಲ್ಲಿ ಅಂಟುಪಟ್ಟಿ ಕೊಳೆಯಾಗಿತ್ತು.
ನನ್ನ ಗುರುತು ಹತ್ತಲಿಲ್ಲವೋ, ಹತ್ತಿತೋ.
ಹತ್ತು ಮೀನಿಗೆ ದುಡ್ಡು ಕೊಟ್ಟೆ.
ಬಸ್ಸಿನಲ್ಲಿ ಪೊಟ್ಟಣ ಬಿಚ್ಚಿ ಎಣಿಸಿದೆ, ಚಾಳಿ.
ಒಂಬತ್ತು.

ಮತ್ತೆ ಕಟ್ಟಿಟ್ಟೆ.