ಹೆಪ್ಪು

ಗ್ರಿಮ್ಸ್‌ಬಿಯಲ್ಲಿ ಮೀನೆಂದರೆ ತೂಕ.
ದಿನಕ್ಕೆ ಎಂಟು ತಾಸು, ಎರಡೆರಡು ಜೊತೆ ಕೈಗವಸು ತೊಟ್ಟು
ಕಲ್ಲಾದ ಹಲಗೆಗಳಿಗೆ ಥರ್ಮಾಮೀಟರು ಚುಚ್ಚಿ
ಮೈನಸ್ ಇಪ್ಪತ್ತೆರಡು, ಮೈನಸ್ ಇಪ್ಪತ್ತೊಂದೂವರೆ
ಎಂದು ಬರೆದಿಡುವವಳು ನಾನು.
ಅವುಗಳ ಕಣ್ಣು ಕಂಡಿಲ್ಲ. ತಲೆ ಬೇರೆಲ್ಲೋ ಉಳಿದಿರುತ್ತದೆ.
ಮನೆಯಲ್ಲಿ ನಾವು ತಿನ್ನುವವರಲ್ಲ;
ವಾಸನೆಗೆ ಬಸ್ಸಿನ ಪಕ್ಕದ ಸೀಟು ಖಾಲಿ ಇರುತ್ತದೆ, ಅಷ್ಟೆ.

ಜನವರಿಯಲ್ಲಿ ಒಂದು ಗಾಜಿನ ತೊಟ್ಟಿ ತಂದೆ.
ಅರವತ್ತು ಲೀಟರು, ಯಾರೋ ಬಳಸಿದ್ದು, ಮೂಲೆಯಲ್ಲಿ ಗೀರು.
ಜಲ್ಲಿಯನ್ನು ಅಕ್ಕಿಯಂತೆ ತೊಳೆದೆ:
ಏಳು ನೀರು, ಎಂಟು ನೀರು,
ಒಂಬತ್ತನೆಯದಕ್ಕೆ ತಿಳಿಯಾಯಿತು.
ಬಿಸಿಲು ಬಿದ್ದರೆ ಪಾಚಿ, ಅದಕ್ಕೆ ಕಿಟಕಿಯಿಂದ ದೂರ;
ಮೇಜಿನ ಕುಂಟುಕಾಲಿಗೆ ನಾಲ್ಕು ಮಡಿಕೆಯ ಗ್ಯಾಸ್ ಬಿಲ್ಲು.
ಇಲ್ಲಿಯ ನಲ್ಲಿನೀರು ಸುಣ್ಣದ್ದು,
ಕೆಟಲಿನ ತಳಕ್ಕೆ ಚಿಪ್ಪು ಕಟ್ಟುವಂಥದು.
ಕ್ಲೋರಿನ್ ಕಳೆವ ಹನಿ ಬೆರೆಸಿ, ಜಲ್ಲಿ ಕದಡದ ಹಾಗೆ
ತಟ್ಟೆಯೊಂದರ ಮೇಲೆ ಸುರಿದೆ.
ತಟ್ಟೆ ತೇಲಿತು.
ಮೋಟರು ಒಮ್ಮೆ ಕೆಮ್ಮಿ ಗುನುಗತೊಡಗಿತು.

‘ಮೀನೆಲ್ಲಿ?’ ಅಂದರು ಶ್ರೀಪಾದ.
ಈಗಲೇ ಬಿಟ್ಟರೆ ತಮ್ಮ ಹೊಲಸಿನಲ್ಲಿ ತಾವೇ ಸಾಯುತ್ತವಂತೆ.
ಆ ಹೊಲಸುಂಡು ಬಾಳುವ, ಕಣ್ಣಿಗೆ ಕಾಣದವರು
ಮೊದಲು ಒಕ್ಕಲಾಗಬೇಕು.
ಅವರಿಗೆ ಉಣಿಸಬೇಕು, ಅಮೋನಿಯಾ, ದಿನಕ್ಕಿಷ್ಟು ಹನಿ.
‘ಬರೀ ನೀರಿಗೆ ಬಡಿಸ್ತಿದ್ದೀಯಲ್ಲೇ!’
ನಗಲಿ.
ಮೂರು ವಾರವಾದರೂ ಪರೀಕ್ಷೆಯ ಕೊಳವೆಯಲ್ಲಿ ಅದೇ ಹಸಿರು,
ಹಳಸಿದ ಸೊಪ್ಪಿನ ಪಲ್ಯದ ಹಸಿರು.
ನೀರು ಹಾಲಾಯಿತು, ಮತ್ತೆ ನೀರಾಯಿತು,
ಏನೊಂದೂ ಹೇಳದೆ ಸುತ್ತಿತು.

ಪಕ್ಕದ ಮನೆಯ ಡೊರೀನ್
ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಮೀನು ಸೀಳಿದವಳು,
ಎಡಗೈಯ ಕಿರುಬೆರಳು ಅರ್ಧವೇ.
ಬೇಲಿಯಾಚೆ ನಿಂತು ನನ್ನ ಗೋಳು ಕೇಳಿ
‘ಅಯ್ಯೋ ಮಗಳೇ’ ಎಂಬಂಥದೇನೋ ಅಂದಳು.
ಅದೇ ಸಂಜೆ ಬಾಗಿಲು ತಟ್ಟಿದಳು. ಕೈಯಲ್ಲೊಂದು ಜಾಮಿನ ಬಾಟಲಿ,
ಒಳಗೆ ತನ್ನ ಹನ್ನೊಂದು ವರ್ಷದ ತೊಟ್ಟಿಯ
ಸ್ಪಂಜು ಹಿಂಡಿದ ಕಪ್ಪು ರಸ.

ಹೆಪ್ಪು!
ಬೆಚ್ಚಗೆ ಹಾಲಿಟ್ಟು, ತಾನೇ ಮೊಸರಾದೀತೆಂದು
ಇಷ್ಟು ದಿನ ಕಾದಿದ್ದೆನಲ್ಲ, ಪೆದ್ದಿ.

ದೀಪ ಹಚ್ಚಿ ಆಗಿತ್ತು.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು, ಕೇಳಬಾರದು,
ಅಜ್ಜಿಯ ಕಾನೂನು. ಎಷ್ಟು ಬಟ್ಟಲು
ಹೊಸಿಲಿಂದ ಬರಿದೇ ಮರಳಿದ್ದವೋ.
ಆದರೆ ಫೆಬ್ರವರಿ; ಇಲ್ಲಿ ಐದಕ್ಕೇ ಕತ್ತಲು.
ಅವಳ ಮಾತು ನಡೆಸಿದರೆ ಈ ಊರಲ್ಲಿ
ಅರ್ಧ ವರ್ಷ ಯಾರಿಗೂ ಮೊಸರಿಲ್ಲ.
ಡೊರೀನ್ ಮನೆಚಪ್ಪಲಿಯಲ್ಲೇ ಒಳಬಂದು, ತೋಳು ಮಡಿಚಿ,
ತಾನೇ ಸುರಿದಳು.
ಕಾಡಿಗೆ ಕದಡಿದಂತೆ ತೊಟ್ಟಿಯೆಲ್ಲ.
ಬೆಳಗಾಗುವಷ್ಟರಲ್ಲಿ ತಿಳಿ.

ಒಂಬತ್ತನೆಯ ದಿನ ಕೊಳವೆ ಹಳದಿ.

ಅಂಗಡಿಯಲ್ಲಿ ಆರು ಜೀಬ್ರಾ ಡ್ಯಾನಿಯೋ, ಬೆರಳುದ್ದವೂ ಇಲ್ಲ,
ನೀಲಿ ಗೆರೆ ಎಳೆದ ಚುರುಕು.
ಸುಣ್ಣದ ನೀರಿಗೆ ಒಗ್ಗುತ್ತವೆ, ಅಂದ ಹುಡುಗ.
ಚೀಟಿಯ ಮೇಲೆ ‘ಮೂಲ: ಭಾರತ’ ಅಂತಿತ್ತು.
ಅಲ್ಲಿಂದಲೇ ತರಿಸಿದ್ದಾ? ಕೇಳಿದೆ.
‘ಇಲ್ಲ, ಡಾನ್‌ಕಾಸ್ಟರಿನಿಂದ.’
ಬಸ್ಸಿನಲ್ಲಿ ಅವತ್ತೂ ಪಕ್ಕದ ಸೀಟು ಖಾಲಿ.
ಚೀಲವನ್ನು ಅಲ್ಲಿ ಕೂರಿಸಿ
ಚಳಿಯಾಗದಂತೆ ಶಾಲು ಹೊದಿಸಿದೆ.

ಚೀಲ ತೇಲಿಬಿಟ್ಟು, ಲೋಟದಿಂದ ಚೂರುಚೂರೇ
ಈ ನೀರು ಆ ನೀರಿಗೆ ಪರಿಚಯಿಸಿ,
ಗಂಟೆಯ ಮೇಲೆ ಬಿಟ್ಟೆ.
ಗೀರಿದ್ದ ಮೂಲೆಯಲ್ಲಿ ಆರೂ ಒತ್ತಿ ನಿಂತವು,
ಹೊಸ ಶಾಲೆಗೆ ಸೇರಿಸಿದ ಮಕ್ಕಳಂತೆ.
ಬಹಳ ಹೊತ್ತಿನ ಮೇಲೆ ಒಂದು ತಿರುಗಿ
ನನ್ನನ್ನು ನೋಡಿತು.
ಕಣ್ಣಿತ್ತು.
ಸೋಮವಾರ ಥರ್ಮಾಮೀಟರು ಚುಚ್ಚುವಾಗ
ಒಂದು ಸಲ ಕೈ ತಡೆಯಿತು. ಒಂದೇ ಸಲ.

ಡೊರೀನಳ ಬಾಟಲಿ ತೊಳೆದು ಒಣಗಿಸಿದ್ದೆ.
ಇಸಿದುಕೊಂಡ ಪಾತ್ರೆ ಬರಿದೇ ಕೊಡುವುದುಂಟೆ?
ನಿಂಬೆ ಉಪ್ಪಿನಕಾಯಿ ತುಂಬಿ ಕೊಟ್ಟೆ.
ಮೀನಿನ ಜೊತೆ ತಿಂದಳಂತೆ.
ಚೆನ್ನಾಗಿತ್ತಂತೆ.