ಖಾಲಿ ಬಿಟ್ಟ ಮಾತ್ರೆ

ಗಣೇಶಪ್ಯಾಟಿ ಬ್ಯಾಂಡ್ ಕಂಪನಿಯ ಹಿಂದ
ಝರಿ ಕೋಟು, ಕುದುರಿ ಜೀನುಗಳ ನಡುವ ಒಂದು ಖೋಲಿ.
ಅಲ್ಲಿ ಕೈತಾನ ಮಾಸ್ತರು
ಸ್ಯಾಕ್ಸೋಫೋನಿನ ರೀಡನ್ನ ಕವಳದಂಗ
ದವಡಿಯೊಳಗ ಇಟ್ಟು ನೆನಸ್ತಿದ್ರು.

ಕಲಘಟಗಿ ಆಚೆ ಕಾಡಿನವರು, ಸಿದ್ದಿ.
'ಆಫ್ರಿಕಾದಿಂದ ಯಾವಾಗ ಬಂದ್ರಿ?' ಅಂತ ಪ್ಯಾಟಿ ಹುಡುಗರು ಕೇಳಿದ್ರ
'ಮುಂಜಾನಿ ಎಂಟರ ಬಸ್ಸಿಗೆ.'
ಒಂದು ಮಾತ್ರೆ ಬಿಟ್ಟು, ಆಮ್ಯಾಲೆ ನಗು.

ಧಾರವಾಡದಾಗ ತಂಬೂರಿ ಇದ್ದ ಮನಿಯೊಂದು
ಕಲೀಲಿಕ್ಕೆ ಹೋದವರನ್ನ ಕಟ್ಟಿಮ್ಯಾಲೆ ಕೂಡಿಸಿ
ಚಹಾ ಕೊಟ್ಟು ಕಳಿಸಿತ್ತು.
'ಚಹಾ ಛೊಲೋ ಇತ್ತು.'
ಹತ್ತು ವರ್ಷ ಬಿಟ್ಟು ಒಂದಿನ, ರೀಡು ಒರಸ್ತಾ:
'ಕಪ್ಪು ಬ್ಯಾರೆ ಇತ್ತು.'

ಜಾಜ್ ಸಿಕ್ಕಿದ್ದು ರೈಲ್ವೆ ಇನ್‌ಸ್ಟಿಟ್ಯೂಟಿನಾಗ.
ಶನಿವಾರದ ಡಾನ್ಸಿಗೆ ಕುರ್ಚಿ ಹಾಕಲಿಕ್ಕೆ ಹೋದ ಹುಡುಗ
ಕೈಯಾಗಿನ ಕುರ್ಚಿ ಕೆಳಗಿಡೂದು ಮರತ.
ಊದತಿದ್ದ ಗೋವಾದ ಮುದುಕ ಅಂದನಂತ:
'ಇದು ನಿಮ್ಮಂಥವರ ಸೊತ್ತು ಮಗಾ, ಸಮುದ್ರದ ಆಚಿಂದು.
ನಾ ಬರೇ ಟಪಾಲಿನವ.'

ನಾನು ವರ್ಕ್‌ಶಾಪ್ ಫಿಟ್ಟರನ ಮಗಳು, ಹದಿಮೂರು ವರ್ಷ.
'ಊದಿದ್ರ ಹುಡುಗಿ ತುಟಿ ದಪ್ಪ ಆಗ್ತಾವ' ಅಂದ್ಲು ನಮ್ಮವ್ವ.
ಮಾಸ್ತರು ತಮ್ಮ ತುಟಿ ಮುಟ್ಟಿಗೊಂಡು
'ಆಗ್ಲಿ ಬಿಡ್ರಿ' ಅಂದ್ರು.

ಮೊದಲ ಪಾಠಕ್ಕ ವಾದ್ಯ ಇಲ್ಲ.
ಗೇಟಿನ ಹತ್ರ ನಿಲ್ಲಿಸಿದ್ರು, ಗೂಡ್ಸ್ ಗಾಡಿ ಹೊಂಟಿತ್ತು.
'ಪೆಟ್ಟು ಎಣಸಬ್ಯಾಡ.
ಎರಡು ಪೆಟ್ಟಿನ ನಡುವ ಏನೈತಿ, ಅದನ್ನ ಎಣಸು.'
'ಏನೂ ಇಲ್ರಿ.'
'ಹೂಂ. ಅದನ್ನ.'

ಗ್ವಾಡಿಗೆ ಒಂದು ದಮಾಮಿ ತೂಗತಿತ್ತು.
'ನಮ್ಮಜ್ಜೀದು. ಆಕಿಗೆ ಜಾಜ್ ಗೊತ್ತಿರಲಿಲ್ಲ,
ಜಾಜಿಗೆ ಆಕಿ ಗೊತ್ತಿಲ್ಲ.
ಪರಿಚಯ ಮಾಡಿಸೂದು ಇಷ್ಟ ನನ್ನ ಕೆಲಸ.'

ಫೀ ತಿಂಗಳಿಗೆ ಹತ್ತು ರೂಪಾಯಿ,
ಇಲ್ಲಾಂದ್ರ ಎರಡು ರೊಟ್ಟಿ,
ಅದೂ ಇಲ್ಲಾಂದ್ರ ಕಂಪನಿಯ ಹಿತ್ತಾಳಿ ತಿಕ್ಕೂದು.
ವರಾತಿನ ಸಾಲಿನಾಗ ನಿಂತಾಗ ಕಟ್ಟಪ್ಪಣೆ:
ಬರದದ್ದನ್ನ ಬರದಂಗ ಊದ್ರಿ;
ಓಣಿ ತಿರುವಿನಾಗ ನಾಕು ಮಾತ್ರೆ ನಿಮ್ಮವು.

ದುರ್ಗದಬೈಲಿನ ತಿರುವಿನಾಗ ನಾನು ನನ್ನ ನಾಕು ಊದಿದೆ.
ಮದುಮಗನ ಕುದುರಿ ಕಿವಿ ನಿಮಿರಿಸಿ ನಿಂತಬಿಡ್ತು.
ಬೀಗರು ಬೈದ್ರು, ಮಾಲಕ ಪಗಾರ ಹಿಡದ.
ಮಾಸ್ತರು ನನ್ನ ವಹಿಯೊಳಗ ಬರದ್ರು:
'ಮೂರನೇದು ಅವಸರ ಆತು. ಕುದುರಿ ಛೊಲೋ ಕೇಳತೈತಿ.'

ಅವರದೊಂದು ಫೋಟೋ ಇಲ್ಲ.
ಯಾರದೋ ಮದುವಿ ಆಲ್ಬಮ್ಮಿನಾಗ
ವರನ ಹಾರದ ಹಿಂದ ಅರ್ಧ ಭುಜ, ಹಿತ್ತಾಳಿಯ ಒಂದು ಮಿಂಚು.
ಕಂಪನಿ ಈಗ ಡಿಜೆ ಬಾಡಿಗಿ ಕೊಡತೈತಿ.

ಕೇಶ್ವಾಪುರದ ನನ್ನ ಮಾಳಗಿ ಮ್ಯಾಲೆ
ಹನ್ನೊಂದು ಮಕ್ಕಳು, ಒಂಬತ್ತು ವಾದ್ಯ.
ಮೊನ್ನೆ ಒಬ್ಬ ಕೇಳಿದ: 'ಟೀಚರ್, ನಿಮಗ ಯಾರು ಕಲಿಸಿದ್ರು?'
'ಮುಂಜಾನಿ ಎಂಟರ ಬಸ್ಸಿನವರು' ಅಂದೆ,
ಒಂದು ಮಾತ್ರೆ ಬಿಟ್ಟೆ.
ಯಾರೂ ನಗಲಿಲ್ಲ.
ಇರ್ಲಿ. ರೀಡು ಬಾಯಾಗ ಇಟ್ಕೋರಿ.