ತೂಕಕ್ಕೆ ಬಾರದ್ದು

ಇಪ್ಪತ್ತೆರಡು ವರ್ಷ ಹಸಿ ಎಲೆ ತೂಗಿದವಳು ನಾನು,
ಕೋತಗಿರಿಯ ಕೆಳಗಿನ ಚಹಾ ಕಾರ್ಖಾನೆಯಲ್ಲಿ.
ಮೂಟೆಗೆ ಎರಡು ಕಿಲೋ ನೀರಿನ ಲೆಕ್ಕ ಕಳೆದು
ಬರೆದದ್ದೇ ಬರಹ. ಬೈಸಿಕೊಂಡದ್ದೂ ಅದಕ್ಕೇ.

ಈಗ ಅಂಗೈಯಲ್ಲಿ ಒಂದು ಒಣಗಿದ ಕಾಯಿ,
ಜೀರಿಗೆಗಿಂತ ತುಸು ದಪ್ಪ.
ಒಳಗಿರುವುದು ಹಿಟ್ಟೂ ಅಲ್ಲ, ಹೊಗೆಯೂ ಅಲ್ಲ.
ಕೆಮ್ಮಿದರೆ ಸಾಕು, ಸಾವಿರ ಬೀಜ ಮಾಯ.
ಅಕ್ಕಸಾಲಿಯ ತಕ್ಕಡಿಯೂ ಇದಕ್ಕೆ ತಲೆಬಾಗದು.

ರಸ್ತೆ ಅಗಲ ಮಾಡಿದ ವರ್ಷ
ಕೋಡನಾಡಿನ ತಿರುವಿನಲ್ಲಿ ಜೇಸಿಬಿ ನಿಂತಿತ್ತು.
ದಿಬ್ಬದ ಹುಲ್ಲಿನಲ್ಲಿ ನಸುಗೆಂಪು ಹೂಗೊಂಚಲು ನೆಟ್ಟಗೆ,
ಹೂವಿಗೆರಡು ಕೊಂಬು, ಎಳೆಗರುವಿನ ಹಾಗೆ.
ಮುರುಗವೇಲು ಬೀಡಿ ಹಚ್ಚಿ ಅಂದ:
ಅಕ್ಕಾ, ಇದು ಮುಗಿಯುವ ತನಕ ದಿಬ್ಬ ನಿಮ್ಮದು.
ಎಳೆದೆಳೆದು ಸೇದಿದನೆಂದೇ ನನ್ನ ಗುಮಾನಿ.
ಹನ್ನೊಂದು ಗಡ್ಡೆ, ಊಟದ ಡಬ್ಬಿಯಲ್ಲಿ ಮನೆಗೆ ಬಂದವು.

ಮೊದಲ ವರ್ಷ ನಾಲ್ಕನ್ನು ಮುದ್ದು ಮಾಡಿ ಕೊಂದೆ:
ಸಗಣಿ ಗೊಬ್ಬರ, ದಿನಾ ನೀರು, ಒಲೆಯ ಮಗ್ಗುಲಿನ ಬೆಚ್ಚಗೆ.
ಎರಡನೆಯ ವರ್ಷ ಮೂರು.
ಎಲೆ ಹಳದಿಯಾಗಿ ಮಲಗಿತೆಂದು
ಕುಂಡ ಕವುಚಿ ತಿಪ್ಪೆಗೆ ಸುರಿದೆ.
ಸತ್ತವಲ್ಲ ಅವು.
ನಿದ್ದೆಹೋದವನ್ನು ಎತ್ತಿ ಎಸೆದಿದ್ದೆ.

ಮೇಲಿನ ಹಟ್ಟಿಯ ಮಾಸಿ ಹೆತ್ತೆ ಬಂದಳು,
ಬಿಳಿ ಬಟ್ಟೆ ಹಣೆಗೆ ಬಿಗಿದು.
ಅವಳ ಬಡಗು, ನನ್ನ ತಾಳವಾಡಿಯ ಕನ್ನಡ
ದಾರಿಯ ನಡುವೆ ಎಲ್ಲೋ ಒಂದು ಕಟ್ಟೆಯ ಮೇಲೆ ಸಿಗುತ್ತವೆ.
ಕುಂಡದ ಮಣ್ಣು ಹಿಸುಕಿ ನೋಡಿದಳು.
ಇದಕ್ಕೆ ಮನೆಯವರೂ ಇದ್ದರಲ್ಲ,
ಇದೊಂದನ್ನೇ ಯಾಕೆ ಕರೆತಂದೆ?

ಮತ್ತೆ ಹೋದೆ ತಿರುವಿಗೆ. ದಿಬ್ಬ ಇರಲಿಲ್ಲ.
ಕೆಳಗೆ ತಳ್ಳಿದ ಗುಡ್ಡೆಯಿಂದ ಮೂರು ಬುಟ್ಟಿ ಹೊತ್ತೆ:
ಹುಲ್ಲಿನ ಬೇರು, ನುರುಜುಗಲ್ಲು, ಕೊಳೆತ ಎಲೆ,
ಅದರ ಸಂದಿಯಲ್ಲಿ ಬೂಷ್ಟಿನ ಬಿಳಿ ಎಳೆ.
ಬೀಜದೊಳಗೆ ಬುತ್ತಿಯೇ ಇಲ್ಲವಂತೆ.
ಈ ಬೂಷ್ಟು ಬಂದು ಉಣಿಸಬೇಕು,
ಇಲ್ಲದಿದ್ದರೆ ಧೂಳು ಧೂಳಾಗಿಯೇ ಉಳಿಯಬೇಕು.
ಎಷ್ಟು ವರ್ಷ ಬೂಷ್ಟನ್ನು ಬ್ರಷ್ ಹಾಕಿ ಉಜ್ಜಿದ್ದೇನೆ
ಗೋಡೆಯಿಂದ, ಚಪ್ಪಲಿಯಿಂದ, ದೇವರ ಪಟದ ಹಿಂದಿನಿಂದ!

ಜನವರಿಯ ಒಂದು ರಾತ್ರಿ
ನಲ್ಲಿಯೊಳಗೆ ನೀರು ಕಲ್ಲಾಯಿತು.
ಗೋಣಿಚೀಲ ಹಿಡಿದು ಅಂಗಳಕ್ಕಿಳಿದವಳು
ಹೊದಿಸದೆ ಹಾಗೇ ನಿಂತೆ.
ಚಳಿ ಅದರ ಪಾಲು. ಕಸಿಯಲು ನಾನು ಯಾರು?
ಗೋಣಿಯನ್ನು ನಾನೇ ಹೊದ್ದು ಒಳಗೆ ಬಂದೆ.
ನಿದ್ದೆ ಮಾತ್ರ ಕುಂಡದಲ್ಲೇ ಉಳಿಯಿತು.

ಮಾರ್ಚಿಯಲ್ಲಿ ಮಣ್ಣು ಬದಲಿಸಲು ಬಗೆದರೆ
ಅಕ್ಕಪಕ್ಕ ಎರಡು ಗಡ್ಡೆ.
ಒಂದು ಸುಕ್ಕಿ, ತೊಗಲು ಮಾತ್ರ.
ಇನ್ನೊಂದು ಬಿಗಿ, ಹಾಲುಹಲ್ಲಿನ ಬಿಳಿ.
ಹಳೆಯದು ಪ್ರತಿ ವರ್ಷ ಹೀಗೆ ತನ್ನನ್ನು ಬರಿದುಮಾಡಿ
ಬೆರಳಗಲ ಆಚೆಗೆ ಹೊಸತಾಗಿ ಮಲಗುತ್ತದೆ.
ಹಾಗಾದರೆ ದಿಬ್ಬದಿಂದ ತಂದದ್ದು ಎಲ್ಲಿ?
ಚಹಾ ಡಬ್ಬಿ ಕತ್ತರಿಸಿ ಮಾಡಿದ ತಗಡಿನ ಚೀಟಿಯಲ್ಲಿ
ಅದೇ ಹೆಸರು, ಅದೇ ತಾರೀಖು.
ಕೆಳಗಿರುವುದು ಅದಲ್ಲ.
ಅದಲ್ಲವೆಂದು ಹೇಳಲೂ ಬಾಯಿ ಬರುವುದಿಲ್ಲ.

ಮೊನ್ನೆ, ಹಿಂಗಾರಿಗೆ ಮುಂಚೆ, ನಾಲ್ಕರಲ್ಲಿ ಮೂರು ಹೂಬಿಟ್ಟವು.
ನಾಲ್ಕನೆಯದು ಎರಡೆಲೆ ಚಾಚಿ ಸುಮ್ಮನೆ ಕೂತಿದೆ.
ಹೆತ್ತೆ ಬಗ್ಗಿ ಮೂಸಿ, ಏನೂ ಹೇಳದೆ,
ಎರಡು ಲೋಟ ಚಹಾ ಕುಡಿದು ಹೋದಳು.

ಇವತ್ತು ಗಾಳಿಯಿಲ್ಲ. ಉಸಿರು ಹಿಡಿದು
ತಾಯಿಯ ಬುಡದಲ್ಲಿ ಕಾಯಿ ಒಡೆದು ಉದುರಿಸಿದೆ.
ಮೇಲೆ ಮಣ್ಣು ಮುಚ್ಚಲಿಲ್ಲ.
ಹೂವಾಗಲು ಐದು ವರ್ಷ, ಆರೂ ಆಗಬಹುದು.
ನನಗೆ ಅರವತ್ತೇಳು.

ಕೈಯ ಅಭ್ಯಾಸ ಬಿಡದು, ಹಳೆಯ ತೂಕದ ಪುಸ್ತಕ ತೆರೆದೆ.
ತಾರೀಖು ಬರೆದೆ. ತಂದವರ ಹೆಸರು: ಗಾಳಿ, ಬೂಷ್ಟು, ನಾನು.
ತೂಕದ ಜಾಗದಲ್ಲಿ ಒಂದು ಅಡ್ಡಗೆರೆ.
ನೀರಿನ ಲೆಕ್ಕ ಕಳೆದಿಲ್ಲ.